ನಂಬರ್ ಪ್ಲೇಟಿನಲ್ಲಿ ಚಾಲಕನ ಕುಲ ಹುಡುಕಬಹುದೇ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಳಿಯವನು, ಮನೆಮಾತು ಕನ್ನಡ. ಕೆಲಸ ಮಂಗಳೂರಿನಲ್ಲಿರುವುದರಿಂದ ವಾರಕ್ಕೆ ಐದು ದಿನ ನನ್ನ ಕಾರಿನಲ್ಲೇ ಕುಂಬಳೆ, ರಾಜ್ಯದ ಗಡಿಯಾದ ತಲಪಾಡಿ ದಾಟಿ ಹೋಗಿಬರುತ್ತೇನೆ. ಕಾರಿನ ನೋಂದಣಿ ಕೆಎಲ್ 14. ತೊಕ್ಕೊಟ್ಟು ಕಳೆದ ಮೇಲೆ ನನ್ನಿಂದ ಸಣ್ಣ ತಪ್ಪಾದರೂ ಸಾಕು, ‘ಈ ಮಲಯಾಳಿಗಳಿಗೆ ಗಾಡಿ ಬಿಡಲು ಎಲ್ಲಿ ಬರುತ್ತದೆ’ ಎಂಬ ಮಾತು ಕಿವಿಗೆ ಬೀಳುತ್ತದೆ. ಸಹೋದ್ಯೋಗಿಯೊಬ್ಬರು ಸರಕಾರಿ ಅಂಕಿಅಂಶವನ್ನೇ ಮುಂದಿಟ್ಟು, ಜನಸಂಖ್ಯೆಯಲ್ಲಿ ಅಷ್ಟು ಚಿಕ್ಕದಾದ ಕೇರಳದಲ್ಲಿ ಕರ್ನಾಟಕಕ್ಕಿಂತ ಹೆಚ್ಚು ಅಪಘಾತವಾಗುತ್ತದೆಯೆಂದು ಸಾಧಿಸುತ್ತಾರೆ. ಊರಿಗೆ ಮರಳಿದರೆ ಇದೇ ಮಾತು ಬೇರೆಯವರ ಮೇಲೆ ತಿರುಗುತ್ತದೆ: ಕರ್ನಾಟಕದ ಬಸ್ಸಿನವರು, ತಮಿಳು ಲಾರಿಯವರು, ಈಚೆಗೆ ಬಂಗಾಳ, ಅಸ್ಸಾಂ ಕಡೆಯಿಂದ ಬಂದ ಕೆಲಸದವರು. ಒಂದು ಜನಾಂಗಕ್ಕೆ ಚಾಲನೆ ಕಡಿಮೆ ಒಲಿಯುತ್ತದೆ ಎಂಬುದಕ್ಕೆ ಅಂಕಿಅಂಶಗಳ ಆಧಾರವೇನಾದರೂ ಇದೆಯೇ?

ಉತ್ತರ: ನಿಮ್ಮ ಸಹೋದ್ಯೋಗಿ ತೋರಿಸಿದ ಅಂಕಿ ಸರಿಯಾಗಿಯೇ ಇದೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿಯ ಪ್ರಕಾರ 2022ರಲ್ಲಿ ಕೇರಳದಲ್ಲಿ 43,910 ರಸ್ತೆ ಅಪಘಾತಗಳು ದಾಖಲಾದವು, ಕರ್ನಾಟಕದಲ್ಲಿ 39,762. ಕೇರಳದ ಜನಸಂಖ್ಯೆ ಕರ್ನಾಟಕದ ಅರ್ಧಕ್ಕಿಂತ ತುಸುವೇ ಹೆಚ್ಚು ಎಂಬುದೂ ನಿಜ. ಆದರೆ ಅವರು ಪುಟ ಮಗುಚಿ ನೋಡಿರಲಿಕ್ಕಿಲ್ಲ. ಅದೇ ವರದಿಯಲ್ಲಿ, ಅದೇ ವರ್ಷ ಅಪಘಾತಗಳಲ್ಲಿ ಸತ್ತವರ ಸಂಖ್ಯೆ ಕೇರಳದಲ್ಲಿ 4,317, ಕರ್ನಾಟಕದಲ್ಲಿ 11,702. ನೂರು ಅಪಘಾತಗಳಿಗೆ ಸತ್ತವರೆಷ್ಟು ಎಂದು ಲೆಕ್ಕ ಹಾಕಿದರೆ ಕೇರಳದಲ್ಲಿ ಹತ್ತಕ್ಕೂ ಕಡಿಮೆ, ಕರ್ನಾಟಕದಲ್ಲಿ 29, ಇಡೀ ದೇಶಕ್ಕೆ 36ರ ಮೇಲೆ. ಜನಸಂಖ್ಯೆಯ ಲೆಕ್ಕದಲ್ಲಿಯೂ ಲಕ್ಷಕ್ಕೆ ಕೇರಳದಲ್ಲಿ ಸುಮಾರು 12 ಮಂದಿ, ಕರ್ನಾಟಕದಲ್ಲಿ ಸುಮಾರು 17 ಮಂದಿ ಸತ್ತಿದ್ದಾರೆ. ಮೊದಲನೆಯ ಕಾಲಂ ಓದಿದವನು ಮಲಯಾಳಿಗಳನ್ನು ಬೈದರೆ, ಎರಡನೆಯದನ್ನು ಓದಿದವನು ಕನ್ನಡಿಗರನ್ನು ಬೈಯಬಹುದು. ಒಂದೇ ವರದಿಯಿಂದ ಎರಡು ವಿರುದ್ಧ ತೀರ್ಪುಗಳು ಹೊರಡುತ್ತವೆಯೆಂದಾದರೆ, ಆ ಕಾಲಂಗಳಲ್ಲಿ ಏನು ತುಂಬಿದೆ ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.

‘ಅಪಘಾತ’ ಎಂಬ ಕಾಲಂನಲ್ಲಿ ಇರುವುದು ಮಾರ್ಗದಲ್ಲಿ ನಡೆದ ಅಪಘಾತಗಳಲ್ಲ, ಪೊಲೀಸ್ ಠಾಣೆಯ ಕಡತಕ್ಕೆ ಬಂದ ಅಪಘಾತಗಳು. ಇವೆರಡರ ನಡುವಿನ ಅಂತರ ಊರಿಂದ ಊರಿಗೆ ಬೇರೆ. ಕೇರಳದಲ್ಲಿ ಸ್ಕೂಟರಿನಿಂದ ಬಿದ್ದು ಮೊಣಕೈ ತರಚಿದವನೂ ಆಸ್ಪತ್ರೆಗೆ ಹೋಗುತ್ತಾನೆ, ಆಸ್ಪತ್ರೆಯಿಂದ ಠಾಣೆಗೆ ಸುದ್ದಿ ಹೋಗುತ್ತದೆ, ವಿಮೆಗೆ ಮತ್ತು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಬೇಕಾಗುವ ಕಾಗದಪತ್ರಗಳ ಅರಿವು ಸಾಮಾನ್ಯರಿಗೂ ಇದೆ. ಆದ್ದರಿಂದ ಸಣ್ಣ ಪುಟ್ಟ ಗಾಯಗಳೂ ಲೆಕ್ಕಕ್ಕೆ ಸಿಗುತ್ತವೆ. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಬಿಹಾರದ್ದು: ಅಲ್ಲಿ 2022ರಲ್ಲಿ ದಾಖಲಾದ ಅಪಘಾತಗಳು 10,801, ಸತ್ತವರು 8,898, ಅಂದರೆ ನೂರಕ್ಕೆ 82. ಬಿಹಾರದಲ್ಲಿ ಗಾಡಿಗೆ ಗಾಡಿ ತಾಗಿದರೆ ಕೇರಳದಲ್ಲಿ ತಾಗಿದ್ದಕ್ಕಿಂತ ಎಂಟು ಪಟ್ಟು ಮಾರಕವೆಂದು ಯಾರೂ ನಂಬಲಾರರು. ಅಲ್ಲಿ ಸಾವಿನ ಹೊರತು ಉಳಿದುದು ಹೆಚ್ಚಾಗಿ ಪುಸ್ತಕಕ್ಕೇ ಏರುವುದಿಲ್ಲ ಎಂದು ತಿಳಿಯುವುದೇ ಯುಕ್ತ. ಹೆಣವನ್ನು ಬಚ್ಚಿಡುವುದು ಕಷ್ಟ, ಮುರಿದ ಕೈಯನ್ನು ಸುಲಭವಾಗಿ ಬಚ್ಚಿಡಬಹುದು. ಹಾಗಾಗಿ ರಾಜ್ಯರಾಜ್ಯಗಳನ್ನು ಹೋಲಿಸುವಾಗ ನಮ್ಮಂಥವರು ಅಪಘಾತಗಳ ಸಂಖ್ಯೆಯನ್ನು ಬದಿಗಿಟ್ಟು ಸಾವಿನ ಸಂಖ್ಯೆಯಿಂದ ಆರಂಭಿಸುತ್ತೇವೆ.

ಹಾಗಾದರೆ ಕೇರಳದಲ್ಲಿ ಸಾವು ಕಡಿಮೆಯಾಗಿರುವುದು ಮಲಯಾಳಿಗಳ ಚಾಲನಾ ಕೌಶಲದಿಂದಲೇ? ಅದೂ ಅಲ್ಲ. ಹೊಸಂಗಡಿಯಿಂದ ಕಾಞಂಗಾಡಿನವರೆಗಿನ ಹಳೆಯ ಹೆದ್ದಾರಿಯನ್ನು ನೆನಪಿಸಿಕೊಳ್ಳಿ: ಒಂದು ಪೇಟೆ ಮುಗಿಯುವ ಮೊದಲೇ ಇನ್ನೊಂದು ಪೇಟೆ, ನಡುವೆ ಶಾಲೆ, ಮಸೀದಿ, ದೇವಸ್ಥಾನ, ಮೀನಿನ ಮಾರುಕಟ್ಟೆ. ವೇಗವಾಗಿ ಹೋಗಬೇಕೆಂಬ ಆಸೆ ಎಷ್ಟಿದ್ದರೂ ಗಾಡಿ ಹೋಗುತ್ತಿದ್ದುದು 40, 50ರ ಆಸುಪಾಸಿನಲ್ಲಿ. ಈ ಇಕ್ಕಟ್ಟಿನಲ್ಲಿ ಒರೆಸಿಕೊಂಡು ಹೋಗುವುದು, ಕನ್ನಡಿ ಒಡೆಯುವುದು, ಬೈಕು ಜಾರುವುದು ಹೆಚ್ಚು. ಎದುರೆದುರು ಅಪ್ಪಳಿಸಿ ಸಾಯುವುದು ಕಡಿಮೆ. ಚಿತ್ರದುರ್ಗ, ಹಾವೇರಿ ಕಡೆಯ ಚತುಷ್ಪಥಗಳಲ್ಲಿ ಲೆಕ್ಕ ಬೇರೆ: ಮೈಲಿಗಟ್ಟಲೆ ಅಡ್ಡಿಯಿಲ್ಲ, ಬದಿಯಲ್ಲಿ ಕತ್ತಲೆಗೆ ನಿಂತ ಲಾರಿ, ಹತ್ತಿರದ ಆಸ್ಪತ್ರೆಗೆ ಬಹಳ ದೂರ. ವೇಗ ಇಮ್ಮಡಿಯಾದರೆ ಡಿಕ್ಕಿಯಲ್ಲಿ ದೇಹ ಹೀರಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಸರಾಸರಿ ವೇಗದಲ್ಲಿ ಶೇಕಡಾ 1ರ ಏರಿಕೆಯಾದರೆ ಮಾರಣಾಂತಿಕ ಅಪಘಾತದ ಅಪಾಯ ಶೇಕಡಾ 4ರಷ್ಟು ಏರುತ್ತದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ 2022ರ ಸಾವುಗಳಲ್ಲಿ ಶೇಕಡಾ 71ಕ್ಕೆ ಪೊಲೀಸರು ಕೊಟ್ಟ ಕಾರಣ ಅತಿವೇಗ. ಆ ಒಂದೇ ಶಬ್ದದಲ್ಲಿ ಎಲ್ಲವನ್ನೂ ತುಂಬಿಬಿಡುವ ಅಭ್ಯಾಸ ನಮ್ಮ ಠಾಣೆಗಳಿಗಿದೆ ಎಂಬುದನ್ನು ಒಪ್ಪಿಕೊಂಡೇ ಈ ಅಂಕಿಯನ್ನು ಓದಬೇಕು.

ಇಲ್ಲಿ ನನ್ನದೊಂದು ಆತಂಕವನ್ನು ಹೇಳಿಬಿಡುತ್ತೇನೆ. ರಾಷ್ಟ್ರೀಯ ಹೆದ್ದಾರಿ 66 ತಲಪಾಡಿಯಿಂದ ತೆಂಕಲಾಗಿ ಷಟ್ಪಥವಾಗಿದೆ. 2023ರ ಜುಲೈಯಲ್ಲಿ ಪರಿಷ್ಕರಿಸಿದ ಮಿತಿಯಂತೆ ಇಂಥ ಮಾರ್ಗದಲ್ಲಿ ಕೇರಳದಲ್ಲಿ ಕಾರಿಗೆ ಗಂಟೆಗೆ 110 ಕಿಲೋಮೀಟರ್‌ವರೆಗೆ ಅವಕಾಶವಿದೆ. ಚಾಲಕರು ಅವರೇ, ಭಾಷೆ ಅದೇ, ಮಾರ್ಗ ಮಾತ್ರ ಬೇರೆ. ಕೇರಳದ ಈ ‘ನೂರಕ್ಕೆ ಹತ್ತು’ ಎಂಬ ಅನುಪಾತ ಇನ್ನು ಮುಂದೆ ನಮ್ಮ ಜಿಲ್ಲೆಯಲ್ಲಿ ಹಾಗೆಯೇ ಉಳಿದೀತೆಂದು ನನಗೆ ಅನ್ನಿಸುವುದಿಲ್ಲ. ಸರ್ವೀಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಸ್ಕೂಟರ್ ತರುವ ಅಭ್ಯಾಸವಂತೂ ಈಗಲೇ ಬೇರು ಬಿಟ್ಟಿದೆ. ಒಂದು ಮೇಲ್ಸೇತುವೆಗಾಗಿ ಎರಡು ಕಿಲೋಮೀಟರ್ ಸುತ್ತಬೇಕಾದವನು ಕನ್ನಡ, ಮಲಯಾಳ, ತುಳು ಯಾವುದನ್ನೇ ಆಡಲಿ, ಮಾಡುವುದು ಅದನ್ನೇ.

ಈಗ ಜನಾಂಗದ ವಿಷಯಕ್ಕೆ ನೇರವಾಗಿ ಬರುತ್ತೇನೆ. ಅಪಘಾತವಾದಾಗ ನಮ್ಮ ಪೊಲೀಸರು ದಾಖಲಿಸುವ ವಿವರಗಳಲ್ಲಿ ವಾಹನದ ಬಗೆ, ಚಾಲಕನ ವಯಸ್ಸು, ಲಿಂಗ, ಪರವಾನಗಿಯ ಸ್ಥಿತಿ, ಹೆಲ್ಮೆಟ್ ಮತ್ತು ಸೀಟ್ ಬೆಲ್ಟ್, ಮಾರ್ಗದ ತಿರುವು, ಹವಾಮಾನ, ಗಂಟೆ ಇವೆಲ್ಲ ಇವೆ. ಚಾಲಕನ ಮಾತೃಭಾಷೆ ಅಥವಾ ಜನಾಂಗದಿಂದ ವಿಂಗಡಿಸಿದ ಒಂದೇ ಒಂದು ಕೋಷ್ಟಕ ಸಚಿವಾಲಯದ ವರದಿಯಲ್ಲಿಲ್ಲ. ಆದುದರಿಂದ ‘ಅಂಕಿಅಂಶ ಹಾಗೆ ಹೇಳುತ್ತದೆ’ ಎನ್ನುವವರು ನಿಜವಾಗಿ ಹೇಳುತ್ತಿರುವುದು ಅಪಘಾತ ನಡೆದ ರಾಜ್ಯದ ಹೆಸರನ್ನು, ಇಲ್ಲವೇ ಗಾಡಿಯ ನಂಬರ್ ಪ್ಲೇಟನ್ನು. ಈ ಎರಡಕ್ಕೂ ಸ್ಟಿಯರಿಂಗ್ ಹಿಡಿದವನ ಕುಲಕ್ಕೂ ನಡುವೆ ಬಹಳ ದೂರವಿದೆ, ಅದರಲ್ಲೂ ನಮ್ಮ ಜಿಲ್ಲೆಯ ಮಟ್ಟಿಗೆ.

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಕೆಎಲ್ 14 ಎಂಬುದು ಆ ಜಿಲ್ಲೆಯ ಸಾರಿಗೆ ಕಚೇರಿಯ ಸಂಕೇತವೇ ಹೊರತು ಒಂದು ಭಾಷೆಯ ಮುದ್ರೆಯಲ್ಲ. ಅದರಡಿ ನೋಂದಣಿಯಾದ ಗಾಡಿಗಳನ್ನು ಪೆರ್ಲದ ಹವ್ಯಕರು, ಉಪ್ಪಳದ ಉರ್ದು ಮನೆಮಾತಿನವರು, ಮಂಜೇಶ್ವರದ ಕೊಂಕಣಿಗರು, ತುಳುವರು, ಬ್ಯಾರಿಗಳು, ಮುಳ್ಳೇರಿಯದ ಮರಾಟಿಗರು, ಚೆಮ್ನಾಡಿನ ಮಲಯಾಳಿಗಳು ಎಲ್ಲರೂ ಬಿಡುತ್ತಾರೆ. ಪಂಪ್‌ವೆಲ್‌ನಲ್ಲಿ ‘ಮಲಯಾಳಿ’ ಎಂದು ಬೈಸಿಕೊಳ್ಳುವ ಬದಿಯಡ್ಕದ ಕನ್ನಡಿಗರಾದ ನೀವು ಈ ವಾದದ ದೋಷಕ್ಕೆ ನಡೆದಾಡುವ ಸಾಕ್ಷಿ. ಇನ್ನೊಂದು ಕಡೆಯಿಂದ ನೋಡಿದರೆ, ಮಂಗಳೂರಿನಲ್ಲಿ ಹಳೆಯ ಕಾರು ಕೊಂಡು ಕೆಎ 19 ಫಲಕದಲ್ಲೇ ಊರಲ್ಲಿ ಓಡಿಸುವ ಮಲಯಾಳಿಗಳೂ ಇದ್ದಾರೆ. ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಗಾಡಿಯನ್ನು ಇಟ್ಟುಕೊಂಡರೆ ಮಾತ್ರ ಹೊಸ ನೋಂದಣಿ ಸಂಖ್ಯೆ ಪಡೆಯಬೇಕಾಗುತ್ತದೆ. 2021ರಲ್ಲಿ ಬಂದ ಬಿಎಚ್ ಸರಣಿಯ ಫಲಕದಲ್ಲಿ ರಾಜ್ಯದ ಹೆಸರೇ ಇಲ್ಲ. ಮಂಗಳೂರು–ಕಾಸರಗೋಡು ಮಾರ್ಗದಲ್ಲಿ ಎರಡು ರಾಜ್ಯಗಳ ಸರಕಾರಿ ಬಸ್ಸುಗಳೂ ಓಡುತ್ತವೆ, ಎರಡರ ಮೈಮೇಲೂ ದಶಕಗಳ ಕಾಲ ಬರೆದಿದ್ದುದು ಕೆಎಸ್‌ಆರ್‌ಟಿಸಿ ಎಂದೇ. ‘ಕೆಎಸ್‌ಆರ್‌ಟಿಸಿಯವನು ಒತ್ತಿಬಿಟ್ಟ’ ಎಂದು ದೂರುವವನನ್ನು ‘ಯಾವುದು?’ ಎಂದು ಕೇಳಿದರೆ, ತನಗೆ ಒಗ್ಗದ ರಾಜ್ಯದ ಹೆಸರನ್ನೇ ಹೇಳುವುದನ್ನು ನಾನು ಅನೇಕ ಸಲ ಗಮನಿಸಿದ್ದೇನೆ.

ಜನಾಂಗವನ್ನು ಅಥವಾ ಹುಟ್ಟಿದ ದೇಶವನ್ನು ನಿಜವಾಗಿಯೂ ದಾಖಲಿಸಿ ಲೆಕ್ಕ ಹಾಕಿದ ದೇಶಗಳಿವೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳಲ್ಲಿ ‘ಏಷ್ಯಾದವರಿಗೆ ಕಾರು ಬಿಡಲು ಬಾರದು’ ಎಂಬುದು ಹಳೆಯ ಕುಹಕ. ಅದರಲ್ಲಿ ಚೀನೀಯರ ಜೊತೆಗೆ ನಾವೂ ಸೇರುತ್ತೇವೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಹೊಸದಾಗಿ ಪರವಾನಗಿ ಪಡೆದ, 17ರಿಂದ 24 ವರ್ಷದೊಳಗಿನ ಇಪ್ಪತ್ತು ಸಾವಿರಕ್ಕೂ ಹೆಚ್ಚು ಚಾಲಕರನ್ನು ಅನುಸರಿಸಿ ನಡೆಸಿದ ಅಧ್ಯಯನದಲ್ಲಿ, ಏಷ್ಯಾದಲ್ಲಿ ಹುಟ್ಟಿದವರು ಅಪಘಾತಕ್ಕೆ ಸಿಲುಕುವ ಅಪಾಯ ಅಲ್ಲಿಯೇ ಹುಟ್ಟಿದವರ ಅಪಾಯದ ಅರ್ಧದಷ್ಟೇ ಇತ್ತು. ಕೆನಡಾದ ಒಂಟಾರಿಯೊದಲ್ಲಿ ಹೊಸ ವಲಸಿಗರನ್ನೂ ಅದೇ ವಯಸ್ಸು, ಲಿಂಗ, ಬಡಾವಣೆಗಳ ಹಳೆಯ ನಿವಾಸಿಗಳನ್ನೂ ಹೋಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಗಂಭೀರ ಅಪಘಾತಗಳು ವಲಸಿಗರಲ್ಲಿ ಹತ್ತಿರಹತ್ತಿರ ಅರ್ಧದಷ್ಟೇ ಕಂಡುಬಂದವು. ಅಮೆರಿಕದಲ್ಲಿಯೂ ಜನಸಂಖ್ಯೆಗೆ ಹೋಲಿಸಿದ ರಸ್ತೆ ಸಾವಿನ ಪ್ರಮಾಣ ಏಷ್ಯಾ ಮೂಲದವರಲ್ಲಿ ಎಲ್ಲರಿಗಿಂತ ಕಡಿಮೆ. ಕುಹಕ ಹೇಳುವುದಕ್ಕೆ ಸರಿಯಾಗಿ ವಿರುದ್ಧವಾದದ್ದನ್ನೇ ಲೆಕ್ಕ ತೋರಿಸಿತು.

ಇದನ್ನು ಓದಿ ನಾವು ಎದೆಯುಬ್ಬಿಸಬೇಕಾಗಿಯೂ ಇಲ್ಲ. ಹೊಸ ವಲಸಿಗನು ಕಡಿಮೆ ದೂರ ಗಾಡಿ ಬಿಡುತ್ತಾನೆ, ರಾತ್ರಿ ಕುಡಿದು ಹೊರಡುವ ಸಂದರ್ಭ ಕಡಿಮೆ, ದಂಡದ ಭಯವೂ ಪರವಾನಗಿ ಕಳೆದುಕೊಳ್ಳುವ ಭಯವೂ ಹೆಚ್ಚು. ಅಮೆರಿಕದ ಮೂಲನಿವಾಸಿಗಳಲ್ಲಿ ರಸ್ತೆ ಸಾವಿನ ಪ್ರಮಾಣ ಎಲ್ಲ ಗುಂಪುಗಳಿಗಿಂತ ಹೆಚ್ಚು. ಅವರಲ್ಲಿ ಬಹುಮಂದಿಯ ವಾಸ ದೂರದ ಗ್ರಾಮಾಂತರದಲ್ಲಿ, ದೀಪವಿಲ್ಲದ ಉದ್ದುದ್ದ ಮಾರ್ಗಗಳ ಬದಿಯಲ್ಲಿ, ಶಸ್ತ್ರಚಿಕಿತ್ಸೆಯ ಸೌಲಭ್ಯದಿಂದ ಗಂಟೆಗಟ್ಟಲೆ ದೂರದಲ್ಲಿ. ಗುಂಪುಗಳ ನಡುವೆ ಅಂತರ ಕಂಡುಬಂದಲ್ಲೆಲ್ಲ ಕೆದಕಿ ನೋಡಿದರೆ ಕೆಳಗೆ ಸಿಗುವುದು ಇಂಥವೇ: ದೂರ, ಹೊತ್ತು, ಮಾರ್ಗ, ವಾಹನ, ಆಸ್ಪತ್ರೆ.

ಲಾರಿಯವರ ಮೇಲಿನ ಆಪಾದನೆಗೂ ಇದೇ ಉತ್ತರ, ಆದರೆ ಇಲ್ಲಿ ಸ್ವಲ್ಪ ಗಣಿತ ಬೇಕು. ನೀವು ದಿನಕ್ಕೆ ನೂರು ಕಿಲೋಮೀಟರ್ ಹಗಲಿನಲ್ಲಿ ಬಿಡುತ್ತೀರಿ ಎಂದುಕೊಳ್ಳೋಣ. ಮಂಗಳೂರಿನಿಂದ ಅಡುಗೆ ಅನಿಲ ತುಂಬಿಸಿಕೊಂಡು ತೆಂಕಲಿಗೆ ಹೋಗುವ ಟ್ಯಾಂಕರಿನವನು ನಾಲ್ಕು ನೂರು ಬಿಡುತ್ತಾನೆ, ಅದರಲ್ಲಿ ಅರ್ಧ ರಾತ್ರಿಯಲ್ಲಿ. ವರ್ಷದ ಕೊನೆಗೆ ಇಬ್ಬರ ಅಪಘಾತಗಳನ್ನು ತಲೆಗೆ ಇಷ್ಟು ಎಂದು ಎಣಿಸಿದರೆ ಅವನದು ಹೆಚ್ಚಿರುತ್ತದೆ, ಕಿಲೋಮೀಟರಿಗೆ ಇಷ್ಟು ಎಂದು ಎಣಿಸಿದರೆ ನಿಮ್ಮದೇ ಹೆಚ್ಚಿರಲೂಬಹುದು. ಭಾರದ ವಾಹನ ತಪ್ಪಿದರೆ ಪರಿಣಾಮವೂ ಭಾರವೇ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲ ಎಂಬಲ್ಲಿ ಅನಿಲ ಟ್ಯಾಂಕರೊಂದು ರಸ್ತೆ ವಿಭಜಕಕ್ಕೆ ಬಡಿದು ಮಗುಚಿ, ಅನಿಲ ಸೋರಿ ಬೆಂಕಿ ಹತ್ತಿ ಇಪ್ಪತ್ತರಷ್ಟು ಜನ ಸತ್ತರು. ಅಂಥ ದುರಂತ ನೆನಪಿನಲ್ಲಿ ಉಳಿಯುತ್ತದೆ, ಅದೇ ಮಾರ್ಗದಲ್ಲಿ ಪ್ರತಿ ರಾತ್ರಿ ಸುರಕ್ಷಿತವಾಗಿ ದಾಟಿಹೋದ ಟ್ಯಾಂಕರುಗಳು ಉಳಿಯುವುದಿಲ್ಲ.

ಒಟ್ಟು ಮೊತ್ತ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ನಾನು ತರಗತಿಯಲ್ಲಿ ಕೊಡುತ್ತಿದ್ದ ಒಂದು ಕಾಲ್ಪನಿಕ ಲೆಕ್ಕವಿದೆ. ಮೇಲೂರಿನಲ್ಲಿ ಸಾವಿರ ಚಾಲಕರು, ಅವರಲ್ಲಿ 800 ಮಂದಿ ಬೈಕಿನವರು, 200 ಮಂದಿ ಕಾರಿನವರು. ಕೆಳೂರಿನಲ್ಲಿಯೂ ಸಾವಿರ ಚಾಲಕರು, ಆದರೆ ಬೈಕಿನವರು 200, ಕಾರಿನವರು 800. ಮೇಲೂರಿನಲ್ಲಿ ವರ್ಷಕ್ಕೆ ನೂರು ಬೈಕಿನವರಲ್ಲಿ 4 ಮಂದಿಗೆ, ನೂರು ಕಾರಿನವರಲ್ಲಿ ಒಬ್ಬನಿಗೆ ಅಪಘಾತವಾಗುತ್ತದೆ. ಒಟ್ಟು 32 ಮತ್ತು 2 ಸೇರಿ 34. ಕೆಳೂರಿನವರು ಎರಡರಲ್ಲೂ ಕೆಟ್ಟವರು: ಬೈಕಿನಲ್ಲಿ ನೂರಕ್ಕೆ 5, ಕಾರಿನಲ್ಲಿ ನೂರಕ್ಕೆ ಒಂದೂವರೆ. ಆದರೂ ಅವರ ಒಟ್ಟು 10 ಮತ್ತು 12 ಸೇರಿ 22. ಬೈಕಿನವರ ನಡುವೆ ಹೋಲಿಸಿದರೆ ಮೇಲೂರು ಮೇಲು, ಕಾರಿನವರ ನಡುವೆ ಹೋಲಿಸಿದರೂ ಮೇಲೂರೇ ಮೇಲು, ಇಬ್ಬರನ್ನೂ ಕೂಡಿಸಿದ ಕೂಡಲೇ ಮೇಲೂರಿಗೆ ‘ಕೆಟ್ಟ ಚಾಲಕರ ಊರು’ ಎಂಬ ಹೆಸರು. 2022ರಲ್ಲಿ ದೇಶದ ರಸ್ತೆ ಸಾವುಗಳಲ್ಲಿ ಶೇಕಡಾ 44ಕ್ಕಿಂತ ಹೆಚ್ಚು ದ್ವಿಚಕ್ರದವರದು, ಸುಮಾರು ಶೇಕಡಾ 20 ಕಾಲ್ನಡಿಗೆಯವರದು. ಬಡವರೂ ಎಳೆಯರೂ ಹೆಚ್ಚಿರುವ ಯಾವುದೇ ಸಮುದಾಯ ಈ ಲೆಕ್ಕದಲ್ಲಿ ತಾನಾಗಿಯೇ ಮುಂದೆ ಕಾಣಿಸುತ್ತದೆ. ಬಂಗಾಳ, ಅಸ್ಸಾಮಿನ ಕೆಲಸದವರ ಮೇಲಿನ ಮಾತಿಗೂ ಇಷ್ಟೇ ಉತ್ತರ: ಅವರಲ್ಲಿ ಹೆಚ್ಚಿನವರು ನಮ್ಮ ಮಾರ್ಗದಲ್ಲಿ ನಡೆಯುವವರು, ಸೈಕಲಿನವರು, ಪಿಕಪ್ಪಿನ ಹಿಂದೆ ನಿಂತು ಹೋಗುವವರು. ಡಿಕ್ಕಿಯಾದರೆ ಅವರು ಹೆಚ್ಚಾಗಿ ಪೆಟ್ಟು ತಿನ್ನುವ ಕಡೆಯಲ್ಲಿರುತ್ತಾರೆ.

ಇಷ್ಟಿದ್ದರೂ ‘ನಾನು ಕಣ್ಣಾರೆ ಕಂಡಿದ್ದೇನೆ’ ಎಂಬ ಮಾತು ಉಳಿದೇ ಇರುತ್ತದೆ. ಅದನ್ನು ಸುಳ್ಳೆಂದು ತಳ್ಳಿಹಾಕಲಾರೆ, ಏಕೆಂದರೆ ಕಂಡವರು ನಿಜವಾಗಿಯೂ ಕಂಡಿರುತ್ತಾರೆ. ತೊಡಕಿರುವುದು ಮನಸ್ಸು ಕಂಡದ್ದನ್ನು ಎಣಿಸುವ ರೀತಿಯಲ್ಲಿ. 1976ರಲ್ಲಿ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಎರಡು ಹೆಸರಿಲ್ಲದ ಗುಂಪುಗಳ ಜನರ ನಡತೆಯ ಬಗ್ಗೆ 39 ವಾಕ್ಯಗಳನ್ನು ಓದಿಸಿದರು. 26 ವಾಕ್ಯಗಳು ದೊಡ್ಡ ಗುಂಪಿನವು, 13 ಚಿಕ್ಕ ಗುಂಪಿನವು. ದೊಡ್ಡ ಗುಂಪಿನಲ್ಲಿ 18 ಒಳ್ಳೆಯ ನಡತೆ, 8 ಕೆಟ್ಟದ್ದು. ಚಿಕ್ಕದರಲ್ಲಿ 9 ಒಳ್ಳೆಯದು, 4 ಕೆಟ್ಟದ್ದು. ಅನುಪಾತ ಎರಡರಲ್ಲೂ ಒಂದೇ. ಆದರೂ ಓದಿದವರು ಬಳಿಕ ನೆನಪಿನಿಂದ ಹೇಳುವಾಗ, ಕೆಟ್ಟ ನಡತೆಗಳನ್ನು ಚಿಕ್ಕ ಗುಂಪಿನ ತಲೆಗೆ ಇದ್ದುದಕ್ಕಿಂತ ಹೆಚ್ಚಾಗಿ ಕಟ್ಟಿದರು, ಆ ಗುಂಪಿನ ಬಗ್ಗೆ ಕೀಳಾದ ಅಭಿಪ್ರಾಯವನ್ನೂ ತಾಳಿದರು. ಮೊದಲೇ ಇದ್ದ ದ್ವೇಷ ಇದಕ್ಕೆ ಕಾರಣವಲ್ಲ, ಏಕೆಂದರೆ ಗುಂಪುಗಳಿಗೆ ಹೆಸರೇ ಇರಲಿಲ್ಲ. ಅಪರೂಪದ ಗುಂಪು ಮತ್ತು ಅಪರೂಪದ ನಡತೆ ಒಟ್ಟಿಗೆ ಬಂದಾಗ ಮನಸ್ಸಿನಲ್ಲಿ ಅದು ಎದ್ದು ನಿಲ್ಲುತ್ತದೆ, ಅಷ್ಟೆ.

ಮಂಗಳೂರಿನ ಒಂದು ವೃತ್ತದಲ್ಲಿ ನೂರು ಗಾಡಿಗಳಲ್ಲಿ ತೊಂಬತ್ತು ಕೆಎ, ಹತ್ತು ಕೆಎಲ್ ಎಂದು ಊಹಿಸಿಕೊಳ್ಳಿ. ಒಂಬತ್ತು ಕೆಎ ಗಾಡಿಗಳೂ ಒಂದು ಕೆಎಲ್ ಗಾಡಿಯೂ ಅಡ್ಡ ನುಗ್ಗಿದವು. ಆ ಒಂಬತ್ತಕ್ಕೆ ಅಲ್ಲಿ ನಿಂತವನು ಒಂಬತ್ತು ಕಾರಣಗಳನ್ನು ಕೊಡುತ್ತಾನೆ: ಆಸ್ಪತ್ರೆಗೆ ಅವಸರವಿರಬೇಕು, ಹುಡುಗ ಹೊಸಬ, ಸಿಗ್ನಲ್ ಕೆಟ್ಟಿದೆ. ಹತ್ತನೆಯದಕ್ಕೆ ಮಾತ್ರ ‘ಕೇರಳದವರೇ ಹಾಗೆ’ ಎಂಬ ಒಂದೇ ಕಾರಣ. ತಲಪಾಡಿಯ ಈಚೆಗೆ ಬಂದರೆ ಸಂಖ್ಯೆಗಳು ತಿರುಗುಮುರುಗಾಗುತ್ತವೆ, ಮಾತಿನ ವರಸೆ ಅದೇ ಇರುತ್ತದೆ. ತನ್ನ ಕೌಶಲವನ್ನು ಅಳೆಯುವಾಗಲೂ ಮನುಷ್ಯನ ತಕ್ಕಡಿ ಸರಿಯಿರುವುದಿಲ್ಲ. ಸ್ವೀಡನ್ನಿನ ಓಲಾ ಸ್ವೆನ್ಸನ್ 1981ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಅಮೆರಿಕದ ಮಾದರಿಯ ಶೇಕಡಾ 93 ಮಂದಿ ಮತ್ತು ಸ್ವೀಡನ್ನಿನ ಮಾದರಿಯ ಶೇಕಡಾ 69 ಮಂದಿ, ಚಾಲನೆಯಲ್ಲಿ ತಾವು ಮೇಲಿನ ಅರ್ಧದಲ್ಲಿದ್ದೇವೆಂದು ಹೇಳಿಕೊಂಡಿದ್ದರು. ನಮ್ಮ ಜಿಲ್ಲೆಯಲ್ಲಿ ಕೇಳಿದರೆ ಅಮೆರಿಕದವರನ್ನೂ ಮೀರಿಸಿಯೇವು ಎಂದು ನನ್ನ ಗುಮಾನಿ.

ಒಂದು ಆಕ್ಷೇಪಕ್ಕೆ ಮಾತ್ರ ನಾನು ತಕ್ಕ ಮರ್ಯಾದೆ ಕೊಡಬೇಕು. ಊರೂರಿಗೆ ಚಾಲನೆಯ ರೂಢಿ ಬೇರೆಯಿಲ್ಲವೇ, ಅದನ್ನು ಹೇಳುವುದೂ ತಪ್ಪೇ? ಖಂಡಿತವಾಗಿಯೂ ಬೇರೆಯಿದೆ. ಹಾರ್ನ್ ಬಾರಿಸುವುದು, ಎದುರಿನವನಿಗೆ ಲೈಟ್ ಮಿನುಗಿಸುವುದರ ಅರ್ಥ, ಬಸ್ಸು ನಿಲ್ದಾಣದಲ್ಲಿ ಬದಿಗೆ ಸರಿಯದೆ ನಡುಮಾರ್ಗದಲ್ಲೇ ನಿಲ್ಲುವುದು, ಇವೆಲ್ಲ ಊರಿನ ಕಲಿಕೆಗಳು. ಆದರೆ ಕಲಿತದ್ದು ಎಷ್ಟು ಬೇಗ ಬದಲಾಗುತ್ತದೆಂಬುದಕ್ಕೆ ನ್ಯೂಯಾರ್ಕಿನ ಒಂದು ನಿದರ್ಶನ ಬಹಳ ಸ್ವಾರಸ್ಯದ್ದು. ವಿಶ್ವಸಂಸ್ಥೆಯಲ್ಲಿರುವ ರಾಜತಾಂತ್ರಿಕರು ಅಲ್ಲಿ ಕಂಡಲ್ಲಿ ಕಾರು ನಿಲ್ಲಿಸಿದರೂ ದಂಡ ಕಟ್ಟುವಂತೆ ಅವರನ್ನು ಬಲವಂತಪಡಿಸಲು ಆಗುತ್ತಿರಲಿಲ್ಲ. 1997ರಿಂದ 2002ರ ನಡುವೆ ಹೀಗೆ ಕಟ್ಟದೆ ಉಳಿದ ದಂಡದ ಚೀಟಿಗಳು ಒಂದೂವರೆ ಲಕ್ಷಕ್ಕೂ ಮಿಗಿಲು. ರೇಮಂಡ್ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು ಆ ಚೀಟಿಗಳನ್ನು ದೇಶವಾರು ವಿಂಗಡಿಸಿದಾಗ, ಭ್ರಷ್ಟಾಚಾರ ಹೆಚ್ಚಿರುವ ದೇಶಗಳವರು ಹೆಚ್ಚು ಚೀಟಿ ಗಳಿಸಿದ್ದರು, ನಾರ್ವೆ, ಸ್ವೀಡನ್ನಿನವರಲ್ಲಿ ಒಂದೂ ಬಾಕಿ ಇರಲಿಲ್ಲ. ಊರಿನ ರೂಢಿ ಜೊತೆಗೆ ಬರುತ್ತದೆಂಬ ವಾದಕ್ಕೆ ಇದು ಬಲ ಕೊಡುತ್ತದೆ, ಒಪ್ಪುತ್ತೇನೆ. ಆದರೆ 2002ರ ಕೊನೆಗೆ, ದಂಡ ಕಟ್ಟದ ಕಾರುಗಳ ರಾಜತಾಂತ್ರಿಕ ಫಲಕವನ್ನೇ ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಸಿಕ್ಕಿದ ಕೂಡಲೇ ಈ ಉಲ್ಲಂಘನೆ ಶೇಕಡಾ 98ರಷ್ಟು ಕುಸಿಯಿತು. ಜನ ಬದಲಾಗಿರಲಿಲ್ಲ, ಅವರ ಸಂಸ್ಕೃತಿಯೂ ರಾತ್ರಿ ಬೆಳಗಾಗುವುದರೊಳಗೆ ಬದಲಾಗುವಂಥದ್ದಲ್ಲ.

ಕಾಸರಗೋಡಿನವರಿಗೆ ಇದಕ್ಕಾಗಿ ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ, ದುಬೈ ಸಾಕು. 24 ಕಪ್ಪು ಅಂಕಗಳಾದರೆ ಪರವಾನಗಿ ಅಮಾನತಾಗುವ ಆ ನಾಡಿನಲ್ಲಿ ಹತ್ತು ವರ್ಷ ಪಥ ತಪ್ಪದೆ ಕಾರು ಬಿಟ್ಟ ನಮ್ಮವರೇ, ರಜೆಗೆ ಬಂದ ಮೂರನೆಯ ದಿನಕ್ಕೆ ಚೆರ್ಕಳದ ತಿರುವಿನಲ್ಲಿ ಎಡಗಡೆಯಿಂದ ಹಿಂದಿಕ್ಕುವುದನ್ನು ಕಾಣುತ್ತೇವೆ. ನನ್ನ ಸ್ವಂತ ಬಂಧುಗಳಲ್ಲೇ ಇಬ್ಬರಿದ್ದಾರೆ. ಅವರ ರಕ್ತ ವಿಮಾನದಲ್ಲಿ ಬದಲಾಗುವುದಿಲ್ಲ, ಇಳಿದ ಮೇಲೆ ಸಿಗುವ ಮಾರ್ಗ ಮತ್ತು ಸಿಗದಿರುವ ಪೊಲೀಸರು ಬೇರೆ.

ದಂಡದ ಅಂಕಿಯನ್ನು ಸಾಕ್ಷಿಯಾಗಿ ತರುವವರಿಗೂ ಒಂದು ಎಚ್ಚರಿಕೆ ಅಗತ್ಯ. ಕೈಯಲ್ಲಿ ತಡೆದು ಹಾಕಿದ ದಂಡವು ಚಾಲಕನ ತಪ್ಪನ್ನು ಎಷ್ಟು ಅಳೆಯುತ್ತದೆಯೋ, ತಡೆದವರ ಆಯ್ಕೆಯನ್ನೂ ಅಷ್ಟೇ ಅಳೆಯುತ್ತದೆ. ಅಮೆರಿಕದಲ್ಲಿ ಸುಮಾರು ಹತ್ತು ಕೋಟಿ ವಾಹನ ತಪಾಸಣೆಗಳನ್ನು ಪರಿಶೀಲಿಸಿದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದ ತಂಡವು 2020ರಲ್ಲಿ ಪ್ರಕಟಿಸಿದಂತೆ, ಕತ್ತಲಾಗಿ ಚಾಲಕನ ಮುಖ ಕಾಣದಾದ ಮೇಲೆ ತಡೆಯಲ್ಪಟ್ಟವರಲ್ಲಿ ಕಪ್ಪು ಜನರ ಪಾಲು ಕಡಿಮೆಯಾಗುತ್ತಿತ್ತು. ಕೇರಳದಲ್ಲಿ 2023ರ ಜೂನ್‌ನಿಂದ ದಂಡ ವಿಧಿಸುತ್ತಿರುವ 726 ಕ್ಯಾಮೆರಾಗಳ ಬಗ್ಗೆ ದೂರುಗಳು ಹಲವಿದ್ದರೂ, ಈ ಒಂದು ಮಟ್ಟಿಗೆ ಅವು ಮೇಲು: ಹೆಲ್ಮೆಟ್ ಹಾಕದ ತಲೆಯನ್ನು ನೋಡುತ್ತವೆ, ಅದರೊಳಗಿನ ಭಾಷೆಯನ್ನಲ್ಲ.

ನಿಮ್ಮ ಸಹೋದ್ಯೋಗಿಗೆ ಹೇಳಬಹುದಾದ ಮಾತಿಗಿಂತ ಮಾಡಬಹುದಾದ ಒಂದು ಕೆಲಸವನ್ನು ಸೂಚಿಸುತ್ತೇನೆ. ನೀವು ದಿನಾ ಹಾಯುವ ಕುಂಬಳೆ ಮತ್ತು ಮಂಜೇಶ್ವರ ಠಾಣೆಗಳ ವ್ಯಾಪ್ತಿಯಲ್ಲಿ ಕಳೆದ ಮೂರು ವರ್ಷ ನಡೆದ ಅಪಘಾತಗಳ ವಿವರವನ್ನು ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನಗಳ ಗಡುವು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ರಾಜ್ಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸಲು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ನಮಗೆ ಅವಕಾಶ ಕೊಟ್ಟಿದೆ, ಆದ್ದರಿಂದ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಹೆಸರುಗಳನ್ನು ಕೇಳಬೇಡಿ. ದಿನಾಂಕ, ಗಂಟೆ, ನಿಖರವಾದ ಸ್ಥಳ, ಡಿಕ್ಕಿಯಾದ ಎರಡೂ ವಾಹನಗಳ ಬಗೆ, ಚಾಲಕರ ವಯಸ್ಸು, ಪರವಾನಗಿ ಇತ್ತೇ, ಮಳೆಯಿತ್ತೇ, ಸಾವೋ ಗಾಯವೋ ಎಂಬುದನ್ನು ಕೇಳಿ. ವಾಹನದ ನೋಂದಣಿ ರಾಜ್ಯವನ್ನೂ ಸೇರಿಸಿ, ಇಲ್ಲವಾದರೆ ಸಹೋದ್ಯೋಗಿ ಅದನ್ನೇ ಮೊದಲು ಕೇಳುತ್ತಾರೆ. ಆದರೆ ಆ ಕಾಲಂ ಓದುವ ಮೊದಲು ಅವರನ್ನೂ ಕರೆದುಕೊಂಡು ತಲಪಾಡಿಯ ಟೋಲ್ ಬಳಿ ಒಂದು ಸೋಮವಾರ ಬೆಳಿಗ್ಗೆ, ಒಂದು ಭಾನುವಾರ ಸಂಜೆ, ಸಾಧ್ಯವಾದರೆ ಒಂದು ನಡುರಾತ್ರಿ ತಲಾ ಒಂದೊಂದು ಗಂಟೆ ನಿಂತು, ಯಾವ ರಾಜ್ಯದ ಫಲಕವಿರುವ ಎಷ್ಟು ಲಾರಿ, ಎಷ್ಟು ಕಾರು, ಎಷ್ಟು ಬೈಕು ದಾಟಿತೆಂದು ಬೇರೆಬೇರೆಯಾಗಿ ಎಣಿಸಿ ಬರೆದುಕೊಳ್ಳಿ. ಠಾಣೆಯಿಂದ ಬರುವ ಸಂಖ್ಯೆಗಳನ್ನು ಭಾಗಿಸಬೇಕಾದದ್ದು ಆ ಎಣಿಕೆಯಿಂದ. ಭಾಗಿಸಿದ ಮೇಲೆ ಏನಾದರೂ ಉಳಿದರೆ, ಆ ಹಾಳೆಗಳನ್ನು ನನಗೂ ಕಳಿಸಿಕೊಡಿ.